ಐದನೇ ಜ್ವರ

ನಾಲ್ಕನೇ ಜ್ವರಕ್ಕೆ ಕೂತಿದ್ದವು ಹುಳು,
ತಲೆ ಎತ್ತಿ, ಬಾಯಿ ಕಟ್ಟಿ, ಸೊಪ್ಪು ಮುಟ್ಟದೆ.
ಮನೆಯೆಲ್ಲ ನಿಶ್ಶಬ್ದ.
ಆಗ, ರಾತ್ರಿ ಎರಡೂವರೆಗೆ,
ಎಡಗಾಲ ಹೆಬ್ಬೆರಳು ನನ್ನನ್ನು ಕೂಗಿ ಎಬ್ಬಿಸಿತು.

ಚೇಳು ಅಂದುಕೊಂಡೆ. ಟಾರ್ಚು ಹಾಕಿ ಹುಡುಕಿದೆ,
ತಟ್ಟೆಯ ಕೆಳಗೆ, ಗೋಣಿಯ ಕೆಳಗೆ.
ಚೇಳಿಲ್ಲ. ಬೆರಳ ಬುಡ ಕೆಂಡ.
ಮಗ್ಗುಲು ಬದಲಿಸಿದ ಗಂಡನ ಪಂಚೆಯ ಅಂಚು ತಾಕಿತು ಅಷ್ಟೆ,
ಹೆರುವಾಗಲೂ ಕೂಗದವಳು ಕೂಗಿದೆ.
ಹುಳಕ್ಕೆ ನಾಲ್ಕೇ ಜ್ವರ.
ಐದನೆಯದನ್ನು ನನಗೆಂದು ಎತ್ತಿಟ್ಟಿದ್ದರು.

ಬೆಳಗಾದರೆ ಮೇಲೂರಿನ ತುಂಬ ವೈದ್ಯರು.
ಬೋರ್‌ವೆಲ್ ನೀರು, ಫ್ಲೋರೈಡು, ಎಂದರು ಡೈರಿ ಹತ್ತಿರ ನಿಂತವರು.
ನಮ್ಮ ಕಡೆ ಹಲ್ಲು ಹಳದಿಯಾದರೂ ಕಾಲು ಸೊಟ್ಟಗಾದರೂ
ಸಾವಿರದಿನ್ನೂರು ಅಡಿ ಕೆಳಗಿನ ನೀರಿನದೇ ತಪ್ಪು;
ಎಷ್ಟೋ ಸಲ ನಿಜವೂ ಹೌದು.
ಉಳುಕು, ಎಂದು ಪಿಳ್ಳಾಂಜಿನಪ್ಪ ಬೆರಳು ಹಿಡಿದೆಳೆದ;
ಅವನ ಭುಜ ಕಚ್ಚಿದ್ದು ನೆನಪಿದೆ.
ವಾರಗಿತ್ತಿ ಅಕ್ಕಯ್ಯಮ್ಮ, ‘ಕಾಲಿಗೆ ಕಾಲೇ ಮದ್ದು’ ಅಂತ
ಕುರಿಕಾಲು ಸುಟ್ಟು, ಕೆರೆದು, ಮೆಣಸು ಅರೆದು
ನಾಲ್ಕು ದಿನ ಸೂಪು ಕುಡಿಸಿದಳು.
ಅವಳ ಪ್ರೀತಿಗೆ ನನ್ನ ಬೆರಳು ಬದನೆಕಾಯಾಯಿತು.

ಶಿಡ್ಲಘಟ್ಟದ ಆಸ್ಪತ್ರೆಯಲ್ಲಿ ಡಾಕ್ಟರ್ ನಫೀಸಾ
ಊತದೊಳಗಿಂದ ಒಂದು ತೊಟ್ಟು ಎಳೆದು ಲ್ಯಾಬಿಗೆ ಕಳಿಸಿದರು.
‘ಕುಡೀತೀರಾ?’ ಕೇಳಲೇಬೇಕಿತ್ತಂತೆ.
ನಾನು ಗಂಡನ ಕಡೆ ನೋಡಿದೆ,
ಅವನು ಸೀಲಿಂಗ್ ಫ್ಯಾನ್ ನೋಡಿದ.
‘ಮುಟ್ಟು ನಿಂತು ಎಷ್ಟು ವರ್ಷ? ಬಿಪಿಗೆ ಯಾವ ಮಾತ್ರೆ?’
ಸೆರಗಿನ ಗಂಟು ಬಿಚ್ಚಿ ತೋರಿಸಿದೆ.
ಹ್ಞಾ, ಎಂದರು, ಕಳ್ಳ ಸಿಕ್ಕ ಹಾಗೆ.
ಮೈಯ ನೀರಿಳಿಸುವ ಮಾತ್ರೆ,
ಇಳಿಸಬಾರದ್ದನ್ನು ಇಳಿಸಿ, ಹೋಗಬೇಕಾದ್ದನ್ನು ಉಳಿಸುತ್ತದಂತೆ.

ಗೌಟ್. ಹೆಸರೇ ಬಾಗಿಲು ಬಡಿದ ಹಾಗಿದೆ.
ಮೈಯೊಳಗೆ ಹಳೆಯದು ಒಡೆದು ಹುಟ್ಟುವ ಕಸ, ಯೂರಿಕ್ ಆಸಿಡ್,
ಉಚ್ಚೆಯಲ್ಲಿ ಹೋಗಬೇಕು; ಹೋಗದ್ದು ರಕ್ತದಲ್ಲಿ ಸುತ್ತುತ್ತದೆ,
ಸುತ್ತಿ ಸುತ್ತಿ, ಎಲ್ಲಿ ತಣ್ಣಗಿದೆಯೋ ಆ ತುದಿಗೆ ಬಂದು
ಹರಳಾಗಿ ಕೂರುತ್ತದೆ. ಸೂಜಿ ಸೂಜಿ.
ಮೈಕಾಯುವವರು ಓಡಿಬಂದು ಅದರ ಮೇಲೆ ಬೀಳುತ್ತಾರೆ.
‘ನೋವು ಆ ಹೊಡೆದಾಟದ್ದು’ ಎಂದರು.
ಅಂದರೆ ಹೊಡೆದದ್ದು ನನ್ನ ಕಡೆಯವರೇ.

ಜ್ವರ ಎದ್ದ ಹುಳು ನೋಡಲು ಬಂದ
ರೇಷ್ಮೆ ಇಲಾಖೆಯ ಸೊಣ್ಣಪ್ಪನೋರು ಹೆಸರು ಕೇಳಿ ನಕ್ಕರು.
ಒಂದು ಹುಳು ಎತ್ತಿ ಅಂಗೈಲಿಟ್ಟು,
‘ಇದು ಬೆಳ್ಳಗಿದೆಯಲ್ಲ, ಯಾಕೆ ಗೊತ್ತಾ? ಅದೇ ಉಪ್ಪು.
ಚರ್ಮದ ತುಂಬ ತುಂಬಿಕೊಂಡಿದೆ. ಅದಿಲ್ಲದ ಹುಳು
ಎಣ್ಣೆ ಹತ್ತಿದ ಕಾಗದದ ಹಾಗೆ, ಒಳಗಿನದೆಲ್ಲ ಕಾಣುತ್ತೆ.’
ಮೂವತ್ತೆರಡು ವರ್ಷ ಸಾಕಿದ್ದೇನೆ,
ಬಿಳಿ ಎಲ್ಲಿಂದ ಬರುತ್ತೆ ಅಂತ ಒಂದು ದಿನವೂ ಕೇಳಿರಲಿಲ್ಲ.
ಅದಕ್ಕೆ ಅಂಗಿಯಾದದ್ದು ನನಗೆ ಮುಳ್ಳು!
ಹುಳದ ಮೇಲೆ ಹೊಟ್ಟೆಕಿಚ್ಚು ಪಟ್ಟೆ,
ಮಂಡಿಯಿಲ್ಲದ ಪುಣ್ಯಾತ್ಮ.

ಊತ ಇಳಿಯಿತು. ಈಗ ಬೇರೆ ಬಿಪಿ ಮಾತ್ರೆ.
ಹರಳು ಕರಗಲು ದಿನಕ್ಕೊಂದು, ನೋವಿಲ್ಲದ ದಿನವೂ.
ಹೊಸದರಲ್ಲಿ ಮತ್ತೊಮ್ಮೆ ಕೆರಳಬಹುದು,
ಹೆದರಿ ನಿಲ್ಲಿಸಬೇಡಿ, ಅಂದಿದ್ದರು.
ಕೆರಳಿತು. ನಿಲ್ಲಿಸಲಿಲ್ಲ.
ಅಕ್ಕಯ್ಯಮ್ಮನ ಮುನಿಸು ಮಾತ್ರ ಇನ್ನೂ ಇಳಿದಿಲ್ಲ;
ಅವಳ ಮುಂದೆ ಸೂಪಿನ ಮಾತೆತ್ತುವ ಹಾಗಿಲ್ಲ.

ಮುಂದಿನ ಬೆಳೆ. ಹಣ್ಣಾದ ಹುಳು ಆರಿಸಿ ಚಂದ್ರಿಕೆಗೆ ಬಿಡುವಾಗ
ಒಂದು ಜಾರಿ ಪಾದದ ಮೇಲೆ ಬಿತ್ತು.
ಅದೇ ಎಡಗಾಲು. ಉಸಿರು ಹಿಡಿದೆ.
ಪಂಚೆಯ ಅಂಚನ್ನೂ ತಾಳದಿದ್ದ ಗೆಣ್ಣಿನ ಮೇಲೆ
ಎಂಟು ಜೊತೆ ಕಾಲು ಒಂದೊಂದಾಗಿ ಊರಿ,
ತಲೆ ಅತ್ತಿತ್ತ ಆಡಿಸುತ್ತ ಗೂಡಿಗೆ ಜಾಗ ಹುಡುಕುತ್ತಿತ್ತು.
ಅಲ್ಲಿ ಬೇಡ ಕಣೇ, ಅಂದೆ,
ಅಲ್ಲಿ ಕಟ್ಟಿದ್ದನ್ನು ಬಿಚ್ಚೋಕೆ ವರ್ಷಗಟ್ಟಲೆ ಬೇಕು.
ಎತ್ತಿ ಚಂದ್ರಿಕೆಗಿಟ್ಟೆ.